ಏಳನೆಯ ಹಲಗೆ

ಮದುವೆಯಾದ ಹೊಸದರಲ್ಲಿ ಕೆತ್ತನೆಗಾರನ ಹೆಂಡತಿಗೆ ಗಂಡನ ಕೆಲಸ ಕಂಡರೆ ನಗು ಬರುತ್ತಿತ್ತು. ಸೋಪಿನ ಹೊದಿಕೆ, ಬೆಂಕಿಪೊಟ್ಟಣದ ಚೀಟಿ, ಬೀಜದ ಪೊಟ್ಟಣದ ಮೇಲಿನ ಹೂವು, ಏನೇ ಇರಲಿ, ಅವನು ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿ ಮರದ ಹಲಗೆಯ ಮೇಲೆ ಕೆತ್ತುತ್ತಿದ್ದ. ಹಲಗೆಯಲ್ಲಿ ತಿರುಗುಮುರುಗಾಗಿದ್ದರೆ ತಾನೇ ಕಾಗದದ ಮೇಲೆ ನೆಟ್ಟಗೆ ಬೀಳುವುದು? ಮೇಜಿನ ತುದಿಯಲ್ಲಿ ಸದಾ ಒಂದು ಕನ್ನಡಿ ಇರುತ್ತಿತ್ತು. ಅರ್ಧ ಕೆತ್ತಿದ ಹಲಗೆಯನ್ನು ಅದಕ್ಕೆ ಹಿಡಿದು ನೋಡಿ, ಹ್ಞೂಂ ಎಂದು ತಲೆಯಾಡಿಸಿ, ಮತ್ತೆ ಬಗ್ಗುತ್ತಿದ್ದ.

"ನಿಮ್ಮ ಜೊತೆ ಇದ್ದೂ ಇದ್ದೂ ನಾನು ಒಂದಿನ ಚಪ್ಪಲಿ ಅದಲುಬದಲು ಹಾಕ್ಕೊಂಡು ಪೇಟೆಗೆ ಹೋಗ್ತೀನಿ ನೋಡಿ" ಎಂದು ಅವಳು ರೇಗಿಸುತ್ತಿದ್ದಳು.

"ಹೋಗು. ವಾಪಸ್ ಬರೋವಾಗ ಸರಿಯಾಗಿರುತ್ತೆ" ಎಂದು ಅವನೂ ನಗುತ್ತಿದ್ದ.

ಅದು ಯುದ್ಧಕ್ಕೆ ಮುಂಚಿನ ಮಾತು.

ಯುದ್ಧ ಮುಗಿದು ಅವನು ಮನೆಗೆ ಬಂದು ಐದು ವರ್ಷವಾಗಿತ್ತು. ಮೈಮೇಲೆ ಒಂದು ಗೀರೂ ಇಲ್ಲದೆ ಬಂದ. ಬೀದಿಯವರೆಲ್ಲ ಅವಳನ್ನು ಪುಣ್ಯವಂತೆ ಎಂದು ಕರೆದರು. ಪುಣ್ಯವಂತೆಗೆ ಗೊತ್ತಿತ್ತು, ಬಂದವನು ಪೂರ್ತಿ ಬಂದಿಲ್ಲ ಎಂದು. ತಟ್ಟೆಯೊಂದು ಕೈಜಾರಿ ಬಿದ್ದರೆ ಸಾಕು, ಅವನು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಚಹಾದ ಲೋಟ ಹಿಡಿದರೆ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ಉಳಿ ಹಿಡಿದಾಗ ಮಾತ್ರ ಆ ಕೈ ಬಂಡೆಯಂತೆ ನಿಲ್ಲುತ್ತಿತ್ತು. ಅಲ್ಲಿ ಏನಾಯಿತು ಎಂದು ಅವಳು ಕೇಳಿದ್ದು ಒಂದೇ ಸಲ. "ಚಳಿ ಇತ್ತು" ಎಂದ. ಅಷ್ಟೇ.

ಹೋದ ಚಳಿಗಾಲದಲ್ಲಿ ಅವನು ಯಾರೂ ಹೇಳದೆಯೇ ತನ್ನಷ್ಟಕ್ಕೆ ಹಲಗೆ ಕೆತ್ತಲು ಶುರುಮಾಡಿದ. ಮುರಿದ ಹಳೆಯ ಬೀರುವಿನ ಬಾಗಿಲುಗಳನ್ನೇ ಕೊಯ್ದು ಹಲಗೆ ಮಾಡಿಕೊಂಡ. ಸೋಪಿನ ಚೀಟಿಗೆ ಕೂದಲಿನಷ್ಟು ಸಣ್ಣ ಗೆರೆ ತೆಗೆಯುತ್ತಿದ್ದವನು ಈಗ ಕೊಡಲಿಯಲ್ಲಿ ಕಡಿದ ಹಾಗೆ ಕೆತ್ತುತ್ತಿದ್ದ. ಕಣ್ಣು ಎಂದರೆ ಎರಡು ಗುಂಡಿ. ಕೆನ್ನೆ ಎಂದರೆ ಮೂರು ಏಟು. ಆಕಾಶ ಸೀಳು ಸೀಳು. ಕೈಕಾಲುಗಳೆಲ್ಲ ಇರಬೇಕಾದ್ದಕ್ಕಿಂತ ಉದ್ದ, ಬೇರಿನ ಹಾಗೆ ನೆಲ ಹೊಕ್ಕಿರುತ್ತಿದ್ದವು. ಮರದ ಗಂಟನ್ನೂ ಅವನು ತೆಗೆಯುತ್ತಿರಲಿಲ್ಲ. ಒಬ್ಬ ಸಿಪಾಯಿಯ ಹಣೆಯ ನಡುವೆ ಗಂಟೊಂದು ಹಾಗೇ ಉಳಿದಿತ್ತು.

"ಇದನ್ನ ಉಜ್ಜಿ ನುಣುಪು ಮಾಡೋದಲ್ವೇನ್ರೀ?" ಎಂದು ಅವಳು ಕೇಳಿದ್ದಳು.

"ಅದೂ ಅಲ್ಲಿತ್ತು" ಎಂದ.

ಮಸಿ ಹಚ್ಚಿ ಅಚ್ಚು ತೆಗೆಯುವುದು ಅವಳ ಕೆಲಸ. ಯುದ್ಧದ ವರ್ಷಗಳಲ್ಲಿ ಅವನ ಹಳೆಯ ಹಲಗೆಗಳಿಂದ ಚೀಟಿ ಒತ್ತಿಯೇ ಅವಳು ಹೊಟ್ಟೆ ಹೊರೆದದ್ದು, ಹಾಗಾಗಿ ಕೈ ಪಳಗಿತ್ತು. ರೋಲರಿನಿಂದ ಮಸಿ ಹಚ್ಚಿ, ಬೆಳಕು ತೂರುವಷ್ಟು ತೆಳುವಾದ ಕಾಗದವನ್ನು ಉಸಿರು ಬಿಗಿಹಿಡಿದು ಹಲಗೆಯ ಮೇಲೆ ಇಳಿಸಿ, ಮರದ ಸೌಟಿನ ಬೆನ್ನಿನಿಂದ ಮೆಲ್ಲಗೆ ಉಜ್ಜುವಳು. ಒಂದು ಮೂಲೆ ಹಿಡಿದು ಎತ್ತಿದರೆ ಚಿತ್ರ ಕಾಗದಕ್ಕೆ ಬಂದಿರುತ್ತಿತ್ತು. ಕೋಣೆಯ ಉದ್ದಕ್ಕೂ ಕಟ್ಟಿದ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಒಣಗಲು ಬಿಡುವಳು. ಸೀರೆ, ಅಂಗಿ ಒಣಗಬೇಕಾದ ಹಗ್ಗದ ಮೇಲೆ ಸತ್ತ ಸಿಪಾಯಿಗಳು ಸಾಲಾಗಿ ತೂಗುತ್ತಿದ್ದರು.

ಚಿತ್ರ ಮಾರುವ ಅಂಗಡಿಯವನು ಒಬ್ಬ ಬಂದು ನೋಡಿದ. ಹೊಟ್ಟೆ ಮುಂದೆ, ಅವನು ಹಿಂದೆ, ಅಂಥ ಆಸಾಮಿ. ಮೊದಲನೆಯ ಚಿತ್ರದ ಮುಂದೆ ನಿಂತು ಟೋಪಿ ತೆಗೆದ. ಆರನೆಯದರ ಹೊತ್ತಿಗೆ ಕುರ್ಚಿ ಹುಡುಕಿದ.

"ಏನಯ್ಯಾ ಇದು! ಇದನ್ನ ಮನೇಲಿ ತೂಗುಹಾಕಿದ್ರೆ ಊಟ ಇಳಿಯುತ್ತಾ?"

"ಊಟದ ಮನೇಲಿ ಹಾಕಬೇಡಿ" ಎಂದ ಕೆತ್ತನೆಗಾರ.

"ಮಾರಾಟ ಆಗಲ್ಲ. ಬರೆದುಕೊಡ್ತೀನಿ ಬೇಕಾದ್ರೆ, ಒಂದೂ ಮಾರಾಟ ಆಗಲ್ಲ." ಹಣೆ ಒರೆಸಿಕೊಂಡ. "ಆದ್ರೆ ತೋರಿಸಬೇಕು. ನನ್ನ ತಮ್ಮನೂ ಹೋಗಿದ್ದ. ಬಂದ, ಆದ್ರೆ ಬಾಯಿ ಬಿಡಲ್ಲ. ಹತ್ತು ಮಾಡು. ಬರೋ ತಿಂಗಳು ವಾಚನಾಲಯದ ಹಾಲ್‌ನಲ್ಲಿ ಹಾಕೋಣ."

ಅವನು ಹೋದ ಮೇಲೆ ಕೆತ್ತನೆಗಾರ ಏಳನೆಯ ಹಲಗೆಗೆ ಕೈಹಾಕಿದ.

ಅದನ್ನು ಅವನು ಮೊದಲು ಕಾಗದದಲ್ಲಿ ಬರೆದುಕೊಳ್ಳಲಿಲ್ಲ. ಕನ್ನಡಿಯತ್ತ ಒಮ್ಮೆಯೂ ತಿರುಗಲಿಲ್ಲ. ಎರಡು ದಿನ ಊಟಕ್ಕೆ ಕರೆದರೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಉಳಿ ಕೆಳಗಿಟ್ಟು, "ಅಚ್ಚು ತೆಗೆದಿಡು" ಎಂದವನೇ ಅಂಗಿ ಸಿಕ್ಕಿಸಿಕೊಂಡು ಹೊರಗೆ ನಡೆದುಬಿಟ್ಟ.

ಹೆಂಡತಿ ರೋಲರ್ ಎಳೆದಳು. ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಕಪ್ಪು ಕೂತು ಮುಖ ಎದ್ದು ನಿಂತಿತು.

ನೆಲದಲ್ಲಿ ಒಂದು ಗುಂಡಿ. ಗುಂಡಿಯಲ್ಲಿ ಕೋಟು ತೊಟ್ಟು ಮಲಗಿದವನ ಮುಖ. ಬಾಯಿ ಇರಬೇಕಾದ ಕಡೆ ಬಾಯಿಲ್ಲ. ಯಾರದೋ ಕೈ ಅದನ್ನು ಅಮುಕಿ ಹಿಡಿದಿದೆ. ಕಣ್ಣು ಮಾತ್ರ ಹೊರಗೆ, ಇಷ್ಟಗಲ. ಎಡಗಿವಿಯ ಹಾಲೆ ಇಬ್ಭಾಗ.

ಆ ಕಿವಿಯನ್ನು ಗುರುತಿಸದವರು ಆ ಬೀದಿಯಲ್ಲೇ ಇರಲಿಲ್ಲ. ಮೂಲೆಮನೆಯ ದರ್ಜಿ ದೊಡ್ಡಮ್ಮನ ಒಬ್ಬನೇ ಮಗ. ನಾಲ್ಕು ವರ್ಷದವನಿದ್ದಾಗ, ಅಮ್ಮನ ಹೊಲಿಗೆ ಯಂತ್ರದೊಳಗೆ ಯಾರು ಹಾಡುತ್ತಾರೆ ಎಂದು ಕೇಳಲು ಕಿವಿಯಿಟ್ಟಿದ್ದ. ಚಕ್ರದ ಪಟ್ಟಿ ಎಳೆದುಕೊಂಡು ಹಾಲೆ ಹರಿಯಿತು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಹರುಕುಕಿವಿ. ಕೆತ್ತನೆಗಾರನೂ ಹರುಕುಕಿವಿಯೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ದಿನ ದಂಡಿಗೆ ಹೆಸರು ಬರೆಸಿದವರು, ಒಂದೇ ಲಾರಿ ಹತ್ತಿ ಹೋದವರು. ಒಬ್ಬ ಬಂದ. ಇನ್ನೊಬ್ಬನ ಬಗ್ಗೆ ಕಚೇರಿಯಿಂದ ಒಂದು ಕಾಗದ ಬಂತು: ನಾಪತ್ತೆ.

"ನನ್ನ ಮಗನ್ನ ಕಂಡ್ಯೇನೋ?" ಎಂದು ದರ್ಜಿ ದೊಡ್ಡಮ್ಮ ಕೇಳಿದಾಗ ಕೆತ್ತನೆಗಾರ ನೆಲ ನೋಡುತ್ತ, "ನದಿ ದಾಟಿದ ಮೇಲೆ ಬೇರೆ ಬೇರೆ ತುಕಡಿಗೆ ಹಾಕಿದ್ರು ದೊಡ್ಡಮ್ಮ, ಆಮೇಲೆ ನೋಡಿಲ್ಲ" ಎಂದಿದ್ದ. ಹೆಂಡತಿ ಆಗ ಪಕ್ಕದಲ್ಲೇ ನಿಂತಿದ್ದಳು. ನಂಬಿದ್ದಳು.

ಈಗ ಅವಳು ಆ ಕೈಯನ್ನು ನೋಡಿದಳು. ಉಂಗುರದ ಬೆರಳು ನಡುಗಂಟಿನಲ್ಲಿ ಹೊರಕ್ಕೆ ಸೊಟ್ಟ. ಮದುವೆಯಲ್ಲಿ ಉಂಗುರ ತೊಡಿಸುವಾಗ ಆ ಗಂಟು ದಾಟಿಸಲು ಅವಳೇ ಎಣ್ಣೆ ಹಚ್ಚಿದ್ದಳು. ಯಾವ ಕೈಯನ್ನು ಮರೆತರೂ ಅದನ್ನು ಮರೆಯುವುದುಂಟೆ?

ಅಚ್ಚು ತೆಗೆಯದೆ ಇರಬಹುದಿತ್ತು. ಆದರೆ ಹಚ್ಚಿದ ಮಸಿ ಒಣಗಿದರೆ ಹಲಗೆ ಹಾಳು. ವರ್ಷಗಳ ಅಭ್ಯಾಸ, ಕೈ ತನ್ನಷ್ಟಕ್ಕೆ ಕಾಗದ ಇಳಿಸಿತು, ಉಜ್ಜಿತು, ಎತ್ತಿತು. ಎತ್ತಿ ನೋಡಿದರೆ ಹರಿದ ಕಿವಿ ಬಲಗಡೆಯದು!

ಹೆಸರಾಂತ ಕೆತ್ತನೆಗಾರ, ಮೂವತ್ತು ವರ್ಷದಲ್ಲಿ ಒಂದು ಅಕ್ಷರವನ್ನೂ ತಪ್ಪು ದಿಕ್ಕಿಗೆ ಕೆತ್ತದವನು, ಮೊದಲ ಸಲ ತಿರುಗಿಸುವುದನ್ನು ಮರೆತಿದ್ದ. ಅವನು ಚಿತ್ರ ಕೆತ್ತಿರಲಿಲ್ಲ. ಎದುರಿಗೆ ಮಲಗಿದ್ದವನನ್ನು, ಮಲಗಿದ್ದ ಹಾಗೇ, ಮರದಲ್ಲಿ ಕೆತ್ತಿಬಿಟ್ಟಿದ್ದ. ಹಲಗೆಯಲ್ಲಿದ್ದವನು ಹರುಕುಕಿವಿ. ಕಾಗದಕ್ಕೆ ಬಂದವನು ಅವನ ಹಾಗಿದ್ದ ಇನ್ಯಾರೋ.

ಗಂಡ ಮಧ್ಯಾಹ್ನ ಬಂದ. ಹಗ್ಗದ ಮೇಲಿದ್ದುದನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಕುಳಿತ.

"ಬೇರೆ ತುಕಡಿ ಅಂದಿದ್ರಿ" ಎಂದಳು.

ಅವನು ಹೇಳತೊಡಗಿದ. ಇಬ್ಬರೇ ಆ ಗುಂಡಿಯಲ್ಲಿದ್ದರಂತೆ. ಹರುಕುಕಿವಿಗೆ ಹೊಟ್ಟೆಗೆ ಗುಂಡು ಬಿದ್ದಿತ್ತು. ಶತ್ರುಗಳು ಮೇಲೆ ನಡೆದು ಹೋಗುತ್ತಿದ್ದರು, ಬೂಟಿನ ಮಣ್ಣು ಇವರ ಮುಖಕ್ಕೆ ಉದುರುವಷ್ಟು ಹತ್ತಿರ. ಅವನು ಕೂಗುತ್ತಿದ್ದ. ಇವನು ಬಾಯಿ ಮುಚ್ಚಿಸಿದ.

"ಅವರು ಹೋದ ಮೇಲೂ ಕೈ ತೆಗೀಲಿಲ್ಲ. ತೆಗೀಬೇಕು ಅನ್ನೋದು ಕೈಗೆ ತಿಳೀಲಿಲ್ಲ. ತೆಗೆದಾಗ..." ಮುಂದಿನ ಮಾತು ನುಂಗಿದ.

ಅವಳಿಗೆ ಅವನ ತಲೆ ಸವರಬೇಕೆನಿಸಿತು. ಎದ್ದು ಹೋಗಿಬಿಡಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ, "ದೊಡ್ಡಮ್ಮ ಗುರುವಾರ ಹೊರಡ್ತಾ ಇದ್ದಾರೆ. ಗೊತ್ತು ತಾನೆ?" ಎಂದಳು.

ಅದೇ ಅವಳನ್ನು ಕಾಡುತ್ತಿದ್ದ ಸಂಗತಿ. ಗಡಿಯಾಚೆ ಎಲ್ಲೋ ಒಂದು ಆಸ್ಪತ್ರೆಯಿದೆಯಂತೆ, ಹೆಸರು ನೆನಪಿಲ್ಲದ ಸಿಪಾಯಿಗಳನ್ನು ಅಲ್ಲಿ ಇಟ್ಟಿದ್ದಾರಂತೆ ಎಂದು ಯಾರೋ ದರ್ಜಿ ದೊಡ್ಡಮ್ಮನ ಕಿವಿಗೆ ಹಾಕಿದ್ದರು. ಅರವತ್ತೇಳು ವರ್ಷ, ಮೆಟ್ಟಿಲು ಹತ್ತಿದರೆ ಮೊಣಕಾಲು ಲಟಲಟ ಎನ್ನುತ್ತಿತ್ತು. ಮೂರು ರೈಲು ಬದಲಿಸಿ, ಆಮೇಲೆ ಬೆಟ್ಟದ ದಾರಿಯಲ್ಲಿ ನಡೆದು ಹೋಗಬೇಕು. ಅಂಗಡಿಯ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿ, ಟಿಕೆಟ್ ತೆಗೆಸಿ, ಗಂಟು ಕಟ್ಟಿಯಾಗಿತ್ತು. ಮಗ ಸಿಗುವವರೆಗೆ ವಾಪಸ್ ಬರುವುದಿಲ್ಲ ಎಂದು ಬೀದಿಗೆಲ್ಲ ಹೇಳಿಯೂ ಆಗಿತ್ತು.

"ಹೋಗಲಿ ಬಿಡು" ಎಂದ ಗಂಡ. "ಹುಡುಕೋವರೆಗೂ ಅವರ ಪಾಲಿಗೆ ಅವನು ಇರ್ತಾನೆ."

"ಹುಡುಕ್ತಾ ಹುಡುಕ್ತಾ ದಾರೀಲಿ ಬಿದ್ದು ಹೋದ್ರೆ?"

"ಆ ಅಚ್ಚನ್ನ ಅಲ್ಲೇ ಮುಚ್ಚಿಡು. ಅವರು ಹೊರಟ ಮೇಲೆ ತೆಗಿ. ಕೇಳಿಸ್ತಾ?"

ಅವಳು ಅಚ್ಚನ್ನು ಹಗ್ಗದ ತುದಿಗೆ, ಆರನೆಯದರ ಹಿಂದೆ ಸರಿಸಿದಳು.

ಮಂಗಳವಾರ ಅವಳು ದರ್ಜಿ ದೊಡ್ಡಮ್ಮನ ಅಂಗಡಿಗೆ ಹೋದಳು. ಸತ್ಯ ಹೇಳದೆಯೇ ಪ್ರಯಾಣ ತಪ್ಪಿಸುವ ಉಪಾಯ. ದೊಡ್ಡಮ್ಮ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಪ್ರಯಾಣದ ತನ್ನ ಕೋಟಿಗೆ ಒಳಬಟ್ಟೆ ಹೊಲಿಯುತ್ತಿದ್ದಳು.

"ಈ ಚಳಿಗೆ ಹೋಗಬೇಡಿ ದೊಡ್ಡಮ್ಮ. ಬೇಸಿಗೆ ಬರಲಿ."

ದೊಡ್ಡಮ್ಮ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಬೇಸಿಗೆಗೆ ನಾನಿರ್ತೀನಿ ಅಂತ ಬರೆದುಕೊಡ್ತೀಯಾ?"

"ಅಲ್ಲಿ ಅವನಿಲ್ದೆ ಇದ್ರೆ?"

"ಇಲ್ಲ ಅಂತ ನೋಡ್ಕೊಂಡು ಬರ್ತೀನಿ. ಐದು ವರ್ಷ ಕಚೇರಿ ಮೆಟ್ಟಿಲು ಹತ್ತಿ ಇಳಿದೆ ಕಣೇ. ಬರೀ ನಾಪತ್ತೆ, ನಾಪತ್ತೆ. ಬಟ್ಟೆ ಕತ್ತರಿಸೋಕೂ ಬಿಡಲ್ಲ, ಹೊಲಿಯೋಕೂ ಬಿಡಲ್ಲ ಅಂದ್ರೆ ದರ್ಜಿ ಏನು ಮಾಡಬೇಕು ಹೇಳು?" ನಕ್ಕಳು. "ಯಾಕೆ ನೀನು ಹೀಗೆ ಬಾಡಿದ್ದೀಯ? ನಿನ್ನ ಗಂಡ ರಾತ್ರಿ ನಿದ್ದೇಲಿ ಮತ್ತೆ ಕೂಗಿಕೊಂಡ್ನಾ?"

"ಇಲ್ಲ ದೊಡ್ಡಮ್ಮ."

"ಪಾಪ. ಅವನನ್ನ ಚೆನ್ನಾಗಿ ನೋಡ್ಕೋ. ಅವನ ಮುಖ ಕಂಡಾಗಲೆಲ್ಲ ನನ್ನ ಮಗನ ಅರ್ಧ ಕಂಡ ಹಾಗಾಗುತ್ತೆ ನನಗೆ."

ಅವಳು ಬಂದ ದಾರಿಯಲ್ಲೇ ವಾಪಸಾದಳು.

ಬುಧವಾರ ಬೆಳಿಗ್ಗೆ ಹೇಳದೆ ಕೇಳದೆ ದೊಡ್ಡಮ್ಮನೇ ಬಂದಳು, ಅಂಗಡಿಯ ಬೀಗದ ಕೈ ಕೊಟ್ಟು ಹೋಗಲು. ಏದುಸಿರು ಬಿಡುತ್ತ ಒಳಗೆ ಕಾಲಿಟ್ಟವಳು ಹಗ್ಗದ ಮೇಲಿನ ಸಾಲನ್ನು ನೋಡಿ ನಿಂತಳು. ಕೆತ್ತನೆಗಾರ ಮೇಜಿನ ಬಳಿ ಎಂಟನೆಯ ಹಲಗೆಯ ಮೇಲೆ ಬಗ್ಗಿದ್ದ. ಅವನ ಉಳಿ ನಿಂತಿತು.

"ಇದೇನೋ ನಿನ್ನ ದಂಡಿನ ಚಿತ್ರ? ಬೀದೀಲೆಲ್ಲ ಇದರದ್ದೇ ಮಾತು. ನನಗೂ ತೋರಿಸಬಾರದಾ?"

"ಚೆನ್ನಾಗಿಲ್ಲ ದೊಡ್ಡಮ್ಮ" ಎಂದ.

"ಚೆನ್ನಾಗಿರಬೇಕು ಅಂತ ಯಾರಂದ್ರು?"

ಮೂಗಿಗೆ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡುತ್ತ ಬಂದಳು. ಮೊದಲನೆಯದಕ್ಕೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ, "ತೋಳು ಉದ್ದವಾಯ್ತು, ಈ ಅಳತೆಗೆ ಯಾವ ದರ್ಜಿ ಹೊಲೀತಾನೆ?" ಎಂದಳು. ಮೂರನೆಯದರ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆರನೆಯದನ್ನು ಬೆರಳ ತುದಿಯಿಂದ ಸರಿಸಿ ಹಿಂದೆ ಏನಿದೆ ಎಂದು ಇಣುಕಿದಳು.



"ಅಯ್ಯೋ" ಎಂದಳು ದೊಡ್ಡಮ್ಮ. ಎದೆ ಹಿಡಿದುಕೊಂಡಳು. ಇನ್ನೂ ಹತ್ತಿರ ಹೋದಳು. ಆಮೇಲೆ ನಿಟ್ಟುಸಿರು ಬಿಟ್ಟು ತಲೆಯಾಡಿಸಿದಳು. "ಅಬ್ಬಾ, ಜೀವವೇ ಹೋಗಿತ್ತು ನಂದು. ಕಿವಿ ಹರಿದಿದೆ, ಹಣೆ ಥೇಟ್ ಅವನದೇ. ಆದ್ರೆ ನಮ್ಮವನದು ಎಡಗಿವಿ. ಇವನದು ಬಲಗಿವಿ. ಯಾವ ತಾಯಿಯ ಮಗನೋ ಪಾಪ. ದಂಡಿನಲ್ಲಿ ಹರಿದ ಕಿವಿಗೆ ಬರವೇನು?"

ಕೆತ್ತನೆಗಾರ ಹಲಗೆಯ ಮೇಲಿನ ಮರದ ಪುಡಿ ಒರೆಸಿದ.

"ಅಲ್ಲವೋ ಪುಣ್ಯಾತ್ಮ," ದೊಡ್ಡಮ್ಮನಿಗೆ ಈಗ ಸಮಾಧಾನವಾಗಿ ಮಾತು ಸಡಿಲವಾಗಿತ್ತು, "ಬೇರೆ ಎಲ್ಲರಿಗೂ ಕೋಟು ಸರಿಯಾಗಿ ಹಾಕಿಸಿದ್ದೀಯ, ಇವನಿಗೊಬ್ಬನಿಗೆ ಹೆಂಗಸಿನ ಕೋಟು ಯಾಕೋ? ನೋಡಿಲ್ಲಿ, ಗುಂಡಿಗಳೆಲ್ಲ ಎಡಗಡೆ. ಗಂಡಸರ ಕೋಟಿಗೆ ಬಲಗಡೆ ಇರಬೇಕು. ನಲವತ್ತೈದು ವರ್ಷ ಹೊಲಿದಿದ್ದೀನಿ, ನನ್ನ ಕಣ್ಣಿಗೆ ಮಣ್ಣು ಹಾಕ್ತೀಯಾ?" ಎಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ತಿದ್ದು, ತಿದ್ದು. ನೋಡಿದವರು ನಗ್ತಾರೆ."

ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಮೊಣಕಾಲು ಹಿಡಿದುಕೊಂಡು ಬಾಗಿಲ ಕಡೆ ತಿರುಗಿದಳು. "ನಾಳೆ ಏಳೂವರೆಗೆ ಗಾಡಿ. ಸ್ಟೇಷನ್ನಿಗೆ ಬರೋದೇನೂ ಬೇಡ. ಅಳೋರನ್ನ ಕಂಡ್ರೆ ನನಗಾಗಲ್ಲ."

ಮುಗಿದೇಹೋಗಿತ್ತು. ಕೆತ್ತನೆಗಾರನ ಭುಜ ಒಂದು ಅಂಗುಲ ಕೆಳಗಿಳಿದುದನ್ನು ಹೆಂಡತಿ ಕಂಡಳು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನಿರುವುದೊಂದೇ. ಮರವೇ ಸುಳ್ಳು ಹೇಳಿ ಅವನನ್ನು ಉಳಿಸಿತ್ತು. ದೊಡ್ಡಮ್ಮ ಹೊಸ್ತಿಲಿಗೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲು ಬಾಗಿಲ ಚೌಕಟ್ಟು ಹಿಡಿದಳು. ಒಂದು ಹೊಸ್ತಿಲಿಗೇ ಇಷ್ಟು ಹೊತ್ತು. ಹೆಂಡತಿಗೆ ಬೆಟ್ಟದ ದಾರಿ ಕಣ್ಣಿಗೆ ಕಟ್ಟಿತು. ಆಸ್ಪತ್ರೆಯ ಮಂಚದಿಂದ ಮಂಚಕ್ಕೆ ಹೋಗಿ ಅನ್ಯರ ಮಕ್ಕಳ ಕಿವಿ ನೋಡುವ ಮುದುಕಿ ಕಣ್ಣಿಗೆ ಕಟ್ಟಿದಳು.

"ದೊಡ್ಡಮ್ಮ, ನಿಲ್ಲಿ" ಎಂದಳು.

"ಬೇಡ" ಎಂದ ಗಂಡ. ಮೆಲ್ಲಗೆ, ಬೇಡಿಕೊಳ್ಳುವ ಹಾಗೆ.

ಅವಳು ಅವನತ್ತ ನೋಡಲಿಲ್ಲ. ನೋಡಿದ್ದರೆ ಕೈ ಏಳುತ್ತಿರಲಿಲ್ಲ. ಕ್ಲಿಪ್ಪು ಬಿಚ್ಚಿ ಏಳನೆಯ ಅಚ್ಚನ್ನು ತೆಗೆದಳು. ಕಿಟಕಿಯ ಬಳಿ ಹೋದಳು. ಚಿತ್ರವಿದ್ದ ಮಗ್ಗುಲನ್ನು ಗಾಜಿಗೆ ಒತ್ತಿ, ಕಾಗದದ ಬೆನ್ನು ಕೋಣೆಯ ಕಡೆ ಬರುವಂತೆ ಹಿಡಿದಳು. ಬೆಳಗಿನ ಬಿಸಿಲು ತೆಳುಕಾಗದದಲ್ಲಿ ತೂರಿ ಬಂತು. ಮುಖ ಕಾಗದದ ಹಿಂದಿನಿಂದ ಕಾಣಿಸಿತು. ಕೋಟಿನ ಗುಂಡಿಗಳು ಬಲಕ್ಕೆ ಬಂದವು. ಕಿವಿ ಎಡಕ್ಕೆ ಬಂತು.

"ಇವರು ಎಲ್ಲವನ್ನೂ ತಿರುಗಿಸಿ ಕೆತ್ತಬೇಕು ದೊಡ್ಡಮ್ಮ. ಇದೊಂದನ್ನ ಮರೆತುಬಿಟ್ರು" ಎಂದಳು.

ದರ್ಜಿ ದೊಡ್ಡಮ್ಮ ಕೂಗಲಿಲ್ಲ. ಹೊಸ್ತಿಲಿನಿಂದ ಕಾಲು ತೆಗೆದು ಒಳಗೆ ಬಂದು, ಕಿಟಕಿಯ ಎದುರು ನಿಂತು, ಅಳತೆ ತೆಗೆದುಕೊಳ್ಳುವವಳ ಹಾಗೆ ಮೇಲಿನಿಂದ ಕೆಳಗೆ ನೋಡಿದಳು. ಹೆಂಡತಿಯ ತೋಳು ಸೋಲುತ್ತಿತ್ತು, ಆದರೂ ಇಳಿಸಲಿಲ್ಲ.

"ಇದು ಯಾರ ಕೈ?" ಎಂದಳು ದೊಡ್ಡಮ್ಮ.

"ನಂದು" ಎಂದ ಕೆತ್ತನೆಗಾರ.

ಎದ್ದು ನಿಂತು ಹೇಳಿದ. ಹೆಂಡತಿಗೆ ಹೇಳಿದ್ದನ್ನೇ, ಆದರೆ ಈ ಸಲ ಎಲ್ಲೂ ನುಂಗದೆ. ಹೇಳುವಷ್ಟು ಹೊತ್ತೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು.

"ಏನಂತ ಕೂಗ್ತಿದ್ದ?"

"ದೊಡ್ಡಮ್ಮ, ಅದೆಲ್ಲ ಯಾಕೆ..."

"ಹೇಳು. ನನ್ನ ಕರೆದ್ನಾ?"

ಕೆತ್ತನೆಗಾರ ತಲೆಯಾಡಿಸಿದ. "ಇಲ್ಲ. ನನ್ನ ಬೈತಿದ್ದ. ಅಲ್ಲಾಡಬೇಡ ಅಂದ್ರೆ ಬೈತಿದ್ದ. ಬಾಯಿಗೆ ಬಂದ ಹಾಗೆ."

"ಏನಂತ?"

"ಹರಕು ಗೋಣಿಗೆ ಹುಟ್ಟಿದವನೇ, ನಿನ್ನ ಮುಖಕ್ಕೆ ತೇಪೆ ಹಾಕ, ಅಂತ."

ದೊಡ್ಡಮ್ಮನ ಮುಖದಲ್ಲಿ ಏನೋ ಮುರಿಯಿತು. ನಗು ಅಂದುಕೊಳ್ಳುವಷ್ಟರಲ್ಲಿ ಅದು ನಗುವಾಗಿರಲಿಲ್ಲ. "ಅದು ನನ್ನ ಬೈಗುಳ" ಎಂದಳು. "ಇಡೀ ಊರಲ್ಲಿ ಅದನ್ನ ಬೈಯೋಳು ನಾನೊಬ್ಬಳೇ." ಗೋಡೆ ಹಿಡಿದು ನೆಲಕ್ಕೆ ಕುಳಿತುಬಿಟ್ಟಳು. ಹೆಂಡತಿ ಓಡಿಬಂದು ಹಿಡಿಯಹೋದರೆ ಕೈ ಕೊಸರಿದಳು. "ನೀನೂ ಮುಟ್ಟಬೇಡ. ನಿನ್ನೆ ಅಂಗಡಿಗೆ ಬಂದಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು ದೊಡ್ಡಮ್ಮ."

"ಐದು ವರ್ಷ ನನ್ನ ಕೈಯ ಕೋಟು ತೊಟ್ಟ ಇವನು. ಅಳತೆ ತಗೊಳ್ಳೋವಾಗ ಎದುರಿಗೆ ನಿಲ್ತಿದ್ದ." ಅವಳು ಅವನತ್ತ ತಿರುಗಿದಳು. "ನಿಲ್ತಿದ್ದೆಯಲ್ಲೋ!"

ದೊಡ್ಡಮ್ಮ ತಾನೇ ಎದ್ದು, ತಾನೇ ಹೊಸ್ತಿಲು ದಾಟಿ ಹೋದಳು. ಬೀಗದ ಕೈ ಮೇಜಿನ ಮೇಲೇ ಉಳಿಯಿತು.

ಸಂಜೆ ಗಂಡ, "ನಾನು ಬೇಡ ಅಂದೆ" ಎಂದ. "ಕೇಳಿಸಿತು" ಎಂದಳು. ಅವನು ಹಾಸಿಗೆಯನ್ನು ಮೇಜಿನ ಬಳಿಗೆ ಎಳೆದುಕೊಂಡ.

ಗುರುವಾರ ಏಳೂವರೆಯ ಗಾಡಿ ಕೂಗಿ ಹೋಯಿತು. ಅದರಲ್ಲಿ ದೊಡ್ಡಮ್ಮ ಹೋದಳೋ ಇಲ್ಲವೋ ಎಂದು ನೋಡಿಬರುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಒಂಬತ್ತಕ್ಕೆ ಬಾಗಿಲು ಬಡಿಯಿತು. ಪ್ರಯಾಣಕ್ಕೆಂದು ತೆಗೆದಿಟ್ಟಿದ್ದ ಕಪ್ಪು ಕೋಟು ತೊಟ್ಟು ದೊಡ್ಡಮ್ಮ ನಿಂತಿದ್ದಳು. ಒಂದೇ ರಾತ್ರಿಗೆ ಅರ್ಧ ಇಳಿದುಹೋಗಿದ್ದಳು.

"ಕಚೇರಿಗೆ ಹೋಗಬೇಕು" ಎಂದಳು. "ನಾಪತ್ತೆ ಅನ್ನೋದನ್ನ ಹೊಡೆದುಹಾಕಿಸ್ಬೇಕು. ಕಣ್ಣಾರೆ ಕಂಡ ಸಾಕ್ಷಿ ಬೇಕಂತೆ. ಅವನನ್ನ ಕಳಿಸು."

ಕೆತ್ತನೆಗಾರ ಅಂಗಿ ತೊಟ್ಟ. ಹೆಂಡತಿಯನ್ನು ಯಾರೂ ಕರೆಯಲಿಲ್ಲ. ಅವಳೂ ಹೊರಟಳು.

ಸೈನಿಕರ ಕಚೇರಿಯಲ್ಲಿ ಮರದ ಬೆಂಚು, ತಂತಿಜಾಲದ ಕಿಂಡಿ, ಕಿಂಡಿಯ ಹಿಂದೆ ನೆಗಡಿಯಾದ ಗುಮಾಸ್ತ. ಅವನು ಒಂದು ಫಾರಂ ಎಳೆದುಕೊಂಡು, ಪೆನ್ನು ಅದ್ದಿ, ತಲೆಯೆತ್ತದೆ ಕೇಳತೊಡಗಿದ. ಸತ್ತವರ ಹೆಸರು? ತುಕಡಿ? ಜಾಗ? ಕೆತ್ತನೆಗಾರ ಹೇಳುತ್ತ ಹೋದ.

"ಸಾವಿಗೆ ಕಾರಣ? ಗುಂಡು, ಶೆಲ್ಲು, ಕಾಯಿಲೆ. ಇಷ್ಟೇ ಇರೋದು. ಯಾವುದು?"

ಕೆತ್ತನೆಗಾರ ಕಿಂಡಿಯ ಕಟ್ಟೆಯ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡ. "ನನ್ನ ಕೈ" ಎಂದ.

ಗುಮಾಸ್ತ ಮೂಗು ಒರೆಸಿಕೊಂಡ. "ಕೈಗೆ ಏನಾಯ್ತು? ಗುಂಡು ಕೈಗೆ ಬಿತ್ತಾ?"

"ಅವನಿಗಲ್ಲ. ನನ್ನ..."

"ರೀ ಸ್ವಾಮಿ, ಹಿಂದೆ ಎಷ್ಟು ಜನ ನಿಂತಿದ್ದಾರೆ ನೋಡಿ. ಮೂರರಲ್ಲಿ ಒಂದು ಹೇಳಿ. ಇಲ್ಲ ಅಂದ್ರೆ ಫಾರಂ ಮುಂದಕ್ಕೆ ಹೋಗಲ್ಲ, ನಾಪತ್ತೆ ಅಂತಲೇ ಇರುತ್ತೆ."

ಕೆತ್ತನೆಗಾರನ ಕೈ ಕಟ್ಟೆಯ ಮೇಲೆ ನಡುಗಲು ಶುರುವಾಯಿತು. ತಂತಿಜಾಲ ಅದುರುವಷ್ಟು. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದು ನಿಂತಳು, ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ.

"ಗುಂಡು ಅಂತ ಬರ್ಕೊಳ್ಳಿ" ಎಂದಳು ದರ್ಜಿ ದೊಡ್ಡಮ್ಮ. "ಹೊಟ್ಟೆಗೆ."

ಗುಮಾಸ್ತ ಬರೆದುಕೊಂಡ. ಠಸ್ಸೆ ಒತ್ತಿದ. ಒಂದು ಪ್ರತಿಯನ್ನು ಕಿಂಡಿಯಿಂದ ಹೊರಗೆ ತಳ್ಳಿದ. ದೊಡ್ಡಮ್ಮ ಅದನ್ನು ನಾಲ್ಕಾಗಿ ಮಡಿಸಿ ಒಳಜೇಬಿಗೆ ಹಾಕಿಕೊಂಡಳು.

ಹೊರಗೆ ಬಂದ ಮೇಲೆ ಕೆತ್ತನೆಗಾರ, "ದೊಡ್ಡಮ್ಮ..." ಎಂದ.

"ಸುಮ್ಮನಿರು. ಆ ಕಾಗದಕ್ಕೆ ಅಷ್ಟು ಸಾಕು ಅಂತ ಹೇಳಿದೆ. ನನಗೆ ಸಾಕು ಅಂತ ಹೇಳಲಿಲ್ಲ." ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡಳು. "ಆ ಚಿತ್ರ ಏನು ಮಾಡ್ತೀಯ?"

"ಹಲಗೆ ಒಲೆಗೆ ಹಾಕ್ತೀನಿ. ಯಾರಿಗೂ ತೋರಿಸಲ್ಲ."

"ಹಾಕಿ ನೋಡು!" ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. "ಇನ್ನೊಂದು ಸಲ ಬಾಯಿ ಮುಚ್ಚಿಸ್ತೀಯಾ ಅವನದು? ತೋರಿಸು. ಎಲ್ಲರೂ ನೋಡಲಿ. ಆದ್ರೆ ಅದು ಬೇಡ. ಹೊಸ ಹಲಗೆ ತಗೋ, ಸರಿಯಾಗಿ ಕೆತ್ತು. ಅವನ ಕಿವಿ ಅವನ ಕಡೆಗೇ ಇರಬೇಕು. ಅವನ ಕೋಟು ಅವನದೇ ಆಗಿರಬೇಕು."

"ಆ ಮುಖ ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ದೊಡ್ಡಮ್ಮ."

"ನನ್ನ ಕೈಲಿ ಆಗುತ್ತೆ ಅಂತ ಯಾರಂದ್ರು? ಆದ್ರೂ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ನಿನ್ನ ಬಾಗಿಲಿಗೆ ಬಂದೆನಲ್ಲ."

ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅವನು ಆಸರೆ ಕೊಡಲು ಕೈ ಚಾಚಿ, ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡ. ಕೊನೆಯ ಮೆಟ್ಟಿಲಿನಿಂದ ದೊಡ್ಡಮ್ಮ ತಿರುಗಿ ನೋಡದೆ ಬೀದಿಯ ಬಲಬದಿ ಹಿಡಿದು ನಡೆದಳು. ಅವನು ಬಹಳ ಹೊತ್ತು ಮೇಲೇ ನಿಂತಿದ್ದು, ಆಮೇಲೆ ಅದೇ ಬದಿಯಲ್ಲಿ, ಇಪ್ಪತ್ತು ಹೆಜ್ಜೆ ಹಿಂದೆ ಹೊರಟ. ಅವಳು ಮೊಣಕಾಲು ಹಿಡಿದು ನಿಂತಾಗ ಅವನೂ ನಿಲ್ಲುತ್ತಿದ್ದ.

ಹೆಂಡತಿ ಇಬ್ಬರ ನಡುವೆ ಇದ್ದಳು. ಮುಂದೆ ಹೋಗಿ ದೊಡ್ಡಮ್ಮನ ಜೊತೆಗೂಡಬಹುದಿತ್ತು. ನಿಂತು ಗಂಡನಿಗಾಗಿ ಕಾಯಬಹುದಿತ್ತು. ಮುಂದಿನವಳ ಕುಂಟುವ ನಡಿಗೆಯನ್ನು ಕಣ್ಣಲ್ಲಿ ಇಟ್ಟುಕೊಂಡು, ಹಿಂದಿನವನ ಬೂಟಿನ ಸದ್ದನ್ನು ಕಿವಿಯಲ್ಲಿ ಇಟ್ಟುಕೊಂಡು, ಎರಡೂ ಕೈತಪ್ಪದ ಹಾಗೆ, ಅವಳು ಆ ಇಡೀ ಬೀದಿಯನ್ನು ಒಬ್ಬಳೇ ನಡೆದಳು.